ಅಗ್ಗದ ಪಿಸ್ತೂಲು

ಕಡಮೆ ಬೆಲೆಗೆ ವಸ್ತುವನ್ನು ಕೊಂಡವನು ಜಾಣನೆನಿಸಿಕೊಳ್ಳುವುದು ಲೋಕರೂಢಿ. ಪಿಸ್ತೂಲಿನ ವಿಷಯದಲ್ಲಿ ಈ ಜಾಣತನ ಸಲ್ಲದು.

ಆಯುಧವೆಲ್ಲ ಕೆಟ್ಟದ್ದೆಂಬುದು ನನ್ನ ವಾದವಲ್ಲ. ನಮ್ಮ ಗುಬ್ಬಿಯ ಕಡೆ ತೋಟಕ್ಕೆ ಹಂದಿ ನುಗ್ಗಿದರೆ ವರುಷದ ದುಡಿಮೆ ಒಂದೇ ರಾತ್ರಿ ಹಾಳು. ಬೆಳೆ ಕಾಯಲು ರೈತನು ಪರವಾನಗಿ ಪಡೆದು ಕೋವಿ ಇಟ್ಟುಕೊಂಡರೆ ತಪ್ಪೇನು? ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಪ್ಪಿಸುತ್ತಾನೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿಯೇ ಉಂಟು. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಯಿತು. ಕೈಲ್‌ಪೊಳ್ದ್ ಹಬ್ಬದಂದು ಅಲ್ಲಿ ಕೋವಿಗೆ ಪೂಜೆ. ಇವೆಲ್ಲ ಊರಿಗೇ ಗೊತ್ತಿರುವ ಕೋವಿಗಳು. ಕೇಳಿದರೆ ಉತ್ತರ ಹೇಳಲು ಒಡೆಯನಿದ್ದಾನೆ.

ಕಳ್ಳದಾರಿಯಲ್ಲಿ ಬರುವ ನಾಡಪಿಸ್ತೂಲಿಗೆ ಅಂಥ ಒಡೆಯನಿಲ್ಲ. ಅದನ್ನು ಮಾರಿದವನು ರಸೀತಿ ಕೊಡುವುದಿಲ್ಲ, ಕೊಂಡವನು ಹೆಸರು ಹೇಳುವುದಿಲ್ಲ. 2015ರಲ್ಲಿ ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರನ್ನೂ, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನೂ ಕೊಲ್ಲಲು ಬಳಸಿದ್ದು ಒಂದೇ 7.65 ಮಿ.ಮೀ. ನಾಡಪಿಸ್ತೂಲೆಂದು ವಿಧಿವಿಜ್ಞಾನ ಪರೀಕ್ಷೆ ತಿಳಿಸಿತು. ನಡುವಣ ಎರಡು ವರುಷ ಅದು ಯಾರ ಕಣ್ಣಿಗೂ ಬೀಳದೆ ಅಡಗಿತ್ತು. ಅಗ್ಗದ ಸರಕಿಗೆ ನಾಡು ತೆತ್ತ ಬೆಲೆ ಇದು!

1959ರ ಆಯುಧ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಅಕ್ರಮವಾಗಿ ಪಿಸ್ತೂಲು ತಯಾರಿಸುವವನಿಗೂ ಮಾರುವವನಿಗೂ ಕನಿಷ್ಠ 7 ವರುಷ, ಗರಿಷ್ಠ ಜೀವಾವಧಿ ಸೆರೆವಾಸ. ಆದರೆ ಕಾಯಿದೆ ಮಾರುವವನನ್ನು ಹಿಡಿದೀತು; ಕೊಳ್ಳುವ ಆಸೆಯನ್ನು ಹಿಡಿಯಲಾರದು. ಜೇಬಿನಲ್ಲಿ ಪಿಸ್ತೂಲಿಟ್ಟುಕೊಂಡವನನ್ನು ಧೀರನೆಂದು ಗೆಳೆಯರು ಮೆಚ್ಚುವುದೇ ಆ ವ್ಯಾಪಾರದ ಬಂಡವಾಳ. ವಿದ್ಯಾರ್ಥಿಮಿತ್ರರೇ, ಆ ಬಂಡವಾಳವನ್ನು ನಾವು ಒದಗಿಸದಿರೋಣ.