ಹುಂಜ ನಿಮ್ಮದಾದರೆ ಮುಳ್ಳೂ ನಿಮ್ಮದೇ!

ಹುಂಜ ಅಟ್ಟಿಸಿಕೊಂಡು ಬಂತು ಅಂದರೆ ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ನಿಂತವರು ನಗುತ್ತಾರೆ. ಹೊಂಗನೂರಿನಂಥ ಊರಿನವರು ನಗುವುದಿಲ್ಲ. ಅವರಿಗೆ ಗೊತ್ತು. ಹಾಲು ಹಾಕಲು ಹೊರಟ ಹೆಂಗಸಿನ ಮೀನಖಂಡ, ಅಂಗಳದಲ್ಲಿ ಆಡುವ ಮಗುವಿನ ಮುಖ, ಹುಂಜ ಹಾರಿ ಬೀಳುವುದೇ ಇಂಥ ಕಡೆ. ಆಮೇಲೆ ಶುರು ನೋಡಿ ಬೇಲಿ ಜಗಳ. ‘ನಿಮ್ ಹುಂಜ ಕಟ್ಟಾಕ್ಕೊಳ್ಳಿ.’ ‘ನಿಮ್ ಹುಡುಗ ನಮ್ ಹಿತ್ಲಿಗೆ ಯಾಕ್ ಬಂದ?’ ಎರಡು ಮನೆ ಮಾತು ಬಿಡಲು ಒಂದು ಹುಂಜ ಸಾಕು.

ಹುಂಜದ ಜಾತಿಯೇ ಹಾಗೆ ಕಣ್ರೀ ಅಂದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ತಪ್ಪಿರುವುದು ಹುಂಜದಲ್ಲಿ ಅಲ್ಲ, ಸಾಕಿದವರ ಲೆಕ್ಕದಲ್ಲಿ.

ಲೆಕ್ಕ ಹೀಗಿದೆ. ಎಂಟು-ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಆದರೆ ಕಾವಿಗೆ ಇಟ್ಟ ಹತ್ತು ಮೊಟ್ಟೆ ಮರಿಯಾದರೆ ಹೆಚ್ಚುಕಮ್ಮಿ ಅರ್ಧ ಗಂಡು. ಹೇಂಟೆ ಮೊಟ್ಟೆಗೆ ಬೇಕು, ಸರಿ. ಈ ಗಂಡುಗಳು ಯಾತಕ್ಕೆ? ಯುಗಾದಿ ಮಾರನೆಯ ದಿನದ ಹೊಸತೊಡಕಿಗೆ. ಮಾರಮ್ಮನ ಹಬ್ಬಕ್ಕೆ. ನೆಂಟರು ಬಂದಾಗಿನ ಸಾರಿಗೆ. ಹಬ್ಬದ ಹೊತ್ತಿಗೆ ನಾಟಿ ಹುಂಜದ ರೇಟು ಏರುತ್ತದೆ, ಅಲ್ಲಿವರೆಗೂ ಇರಲಿ ಬಿಡು ಅಂತ ಇಡುತ್ತೇವೆ. ಆರು ಹೇಂಟೆಯ ಹಿತ್ತಲಲ್ಲಿ ನಾಲ್ಕು ಹುಂಜ!

ನಾಲ್ಕೈದು ತಿಂಗಳಿಗೆ ಗಂಡು ಪ್ರಾಯಕ್ಕೆ ಬರುತ್ತದೆ. ಕೂಗು ಕಲಿಯುತ್ತದೆ, ಕಾಲಿನ ಮುಳ್ಳು ಬೆಳೆಯಲು ಶುರುವಾಗುತ್ತದೆ. ಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಅನ್ನುವುದಕ್ಕೆ ಒಂದು ಸರದಿ ಇದೆ ಎಂದು ನಾರ್ವೆಯ ಷೆಲ್ಡರುಪ್-ಎಬ್ಬೆ ಎಂಬಾತ 1920ರ ದಶಕದ ಆರಂಭದಲ್ಲೇ ಬರೆದಿಟ್ಟ. ಅಂಗಡಿ ಬೀದಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಜಮಾನಿಕೆ ಒಬ್ಬನ ಕೈಲಿದ್ದರೆ ಶಾಂತಿ, ನಾಲ್ವರು ನಿಂತರೆ ರಂಪ. ಹೇಂಟೆಯ ಬೆನ್ನಿನ ಪುಕ್ಕ ಕಿತ್ತು ಹೋಗುತ್ತದೆ, ಸೋತ ಹುಂಜ ರಕ್ತ ಸುರಿಸುತ್ತದೆ. ಗೆದ್ದದ್ದು ಮನುಷ್ಯರನ್ನೂ ಎದುರಾಳಿ ಅಂತಲೇ ನೋಡುತ್ತದೆ.

ಇನ್ನು ಹರಕೆಯ ಹುಂಜ. ದೇವರಿಗೆ ಬಿಟ್ಟದ್ದು, ಮುಟ್ಟುವ ಹಾಗಿಲ್ಲ, ಬೈಯುವ ಹಾಗೂ ಇಲ್ಲ. ದೇವಸ್ಥಾನದ ಆವರಣದಲ್ಲಿ ಬಲಿ ಕೊಡುವುದನ್ನು ರಾಜ್ಯದ 1959ರ ಕಾಯ್ದೆ ನಿಷೇಧಿಸಿದೆ. ಹರಕೆ ಹೊತ್ತವರು ಮುಂದಿನ ವರ್ಷ ನೋಡೋಣ ಅನ್ನುತ್ತಾರೆ. ಅಷ್ಟರಲ್ಲಿ ಆ ಹುಂಜ ಬೀದಿಗೆ ಪಾಳೇಗಾರ!

ಇಷ್ಟಕ್ಕೂ ಕೋಳಿ ಏನು ಮಾಡೀತು ಅನ್ನಬೇಡಿ. ಮೊಟ್ಟೆ ಆರಿಸಲು ಹೋದ 76 ವರ್ಷದ ಅಜ್ಜಿಯೊಬ್ಬರ ಕಾಲಿನ ಉಬ್ಬಿದ ನರಕ್ಕೆ ಹುಂಜ ಕುಕ್ಕಿ, ರಕ್ತ ನಿಲ್ಲದೆ ಅವರು ಸತ್ತ ಪ್ರಕರಣವನ್ನು ಆಸ್ಟ್ರೇಲಿಯಾದ ವೈದ್ಯರು 2019ರಲ್ಲಿ ವರದಿ ಮಾಡಿದರು. 2021ರ ಫೆಬ್ರವರಿಯಲ್ಲಿ ತೆಲಂಗಾಣದ ಜಗಿತ್ಯಾಲ ಜಿಲ್ಲೆಯಲ್ಲಿ ಪಂದ್ಯಕ್ಕೆಂದು ಹುಂಜದ ಕಾಲಿಗೆ ಕಟ್ಟಿದ್ದ ಕತ್ತಿ ಅದರ ಯಜಮಾನನಿಗೇ ತಗುಲಿ ಜೀವ ಹೋಯಿತು. ಪೊಲೀಸರು ಹುಂಜವನ್ನು ಠಾಣೆಗೆ ತಂದು ಕಟ್ಟಿದರು. ಕೋಳಿ ಅಂಕ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಹುಂಜಕ್ಕೆ ಸಿಟ್ಟು ಬರಲಿ ಅಂತ ಕೆಣಕಿ ಬೆಳೆಸುವ ಹುಡುಗರಿಗೆ ಹಿರಿಯರು ಇದನ್ನು ಹೇಳಬೇಕು.

ಪಂದ್ಯ ಆಡಿಸದವರಿಗೂ ಕಾನೂನು ಇದೆ. ಅಪಾಯ ಗೊತ್ತಿದ್ದೂ ಸಾಕಿದ ಪ್ರಾಣಿಯನ್ನು ಹದ್ದುಬಸ್ತಿನಲ್ಲಿ ಇಡದೆ, ಅದರಿಂದ ಜೀವಕ್ಕೆ ಕುತ್ತೋ ತೀವ್ರ ಗಾಯವೋ ಆಗುವ ಹಾಗೆ ಬಿಟ್ಟರೆ 6 ತಿಂಗಳ ತನಕ ಸಜೆ, ಇಲ್ಲವೇ 5,000 ರೂ. ತನಕ ದಂಡ, ಇಲ್ಲವೇ ಎರಡೂ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು. ಹುಲಿ, ಚಿರತೆ ಅಂತ ಅದರಲ್ಲಿ ಬರೆದಿಲ್ಲ, ಪ್ರಾಣಿ ಅಂತಷ್ಟೇ ಇದೆ. ಕೂಗಿನ ತಂಟೆಯೂ ಸಣ್ಣದಲ್ಲ. ಕೇರಳದ ಅಡೂರಿನಲ್ಲಿ ನಸುಕಿನ ಮೂರು ಗಂಟೆಗೇ ಕೂಗುತ್ತದೆ ಅಂತ ಪಕ್ಕದ ಮನೆಯವರು ದೂರಿತ್ತು, ಕೋಳಿಗೂಡನ್ನೇ ಬೇರೆ ಕಡೆಗೆ ಸಾಗಿಸಿ ಎಂದು 2025ರ ಫೆಬ್ರವರಿಯಲ್ಲಿ ಕಂದಾಯ ಅಧಿಕಾರಿ ಆದೇಶ ಮಾಡಿದರು.

ಹಾಗಾದರೆ ಮಾಡೋದೇನು?

ಮೊದಲು ಎಣಿಸಿ. ಹೆಚ್ಚಿನ ಗಂಡನ್ನು ಪ್ರಾಯಕ್ಕೆ ಬರುವ ಮೊದಲೇ ಮಾರಿ, ಇಲ್ಲವೇ ಸಾರು ಮಾಡಿ. ಕೋಳಿ ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ. ಹಬ್ಬದ ತನಕ ಇಡಲೇಬೇಕೆಂದರೆ ಹೇಂಟೆಗಳ ಕಣ್ಣಿಗೆ ಬೀಳದ ಬೇರೆ ಗೂಡಿನಲ್ಲಿ ಇಡಿ. ಮನುಷ್ಯರ ಮೇಲೆ ಎಗರುವ ಹುಂಜದಿಂದ ಮರಿ ಮಾಡಿಸಬೇಡಿ, ಗುಣ ರಕ್ತದಲ್ಲಿ ಇಳಿಯುತ್ತದೆ. ಕಾಳನ್ನು ಒಂದೇ ಕಡೆ ಸುರಿಯದೆ ನಾಲ್ಕು ಕಡೆ ಎರಚಿ. ಗಾಯವಾದ ಕೋಳಿಯನ್ನು ಕೂಡಲೇ ಬೇರೆ ಮಾಡಿ; ರಕ್ತ ಕಂಡರೆ ಉಳಿದವು ಕುಕ್ಕಿ ಕುಕ್ಕಿ ಕೊಂದೇ ಬಿಡುತ್ತವೆ. ಮುಳ್ಳಿನ ತುದಿ ಮಾತ್ರ ಅರದಿಂದ ಉಜ್ಜಿ. ಒಳಗೆ ರಕ್ತನಾಳ ಇದೆ, ಬುಡಕ್ಕೆ ಕತ್ತರಿಸಿದಿರೋ ಕೆಟ್ಟಿರಿ.

ಹುಂಜ ಮೈಮೇಲೆ ಬಂದರೆ ಒದೆಯಬೇಡಿ. ಒದ್ದರೆ ಪಂದ್ಯಕ್ಕೆ ಕರೆದ ಹಾಗೆ. ಬೆನ್ನು ತಿರುಗಿಸಿ ಓಡಲೂ ಬೇಡಿ. ಎದುರು ನಿಂತು, ಕೈಲಿರುವ ಕೊಡೆಯನ್ನೋ ಮಂಕರಿಯನ್ನೋ ಅಡ್ಡ ಹಿಡಿದು ನಿಧಾನವಾಗಿ ಸರಿಯಿರಿ. ಗಾಯ ಆದರೆ ಅರಿಶಿನ ಮೆತ್ತಿ ಸುಮ್ಮನಾಗುವುದಲ್ಲ. ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಹೋಗಿ, ಧನುರ್ವಾಯು ಚುಚ್ಚುಮದ್ದು ಬೇಕೇ ಕೇಳಿ. ಕೋಳಿ ಕುಕ್ಕಿದರೆ ಹುಚ್ಚುನಾಯಿ ರೋಗ ಬರುವುದಿಲ್ಲ, ಆ ಭಯ ಬೇಡ. ಕಣ್ಣಿನ ಹತ್ತಿರ ತಗುಲಿದ್ದರೆ ಮಾತ್ರ ಒಂದು ಗಳಿಗೆಯೂ ತಡ ಮಾಡಬೇಡಿ.

ಇನ್ನೊಂದು ಮಾತು. ಹುಂಜದ ಜಗಳಕ್ಕಿಂತ ಹಿಂಡನ್ನು ಹೆಚ್ಚು ಬಲಿ ತೆಗೆದುಕೊಳ್ಳುವುದು ರಾಣಿಖೇತ್ ರೋಗ, ನಮ್ಮವರ ಕೊಕ್ಕರೆ ರೋಗ. ಲಸಿಕೆ ಇದೆ, ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಸಂತೆಯಿಂದ ತಂದ ಹೊಸ ಕೋಳಿಯನ್ನು ಎರಡು-ಮೂರು ವಾರ ಬೇರೆ ಇಡಿ. ತಂದ ದಿನವೇ ಹಿಂಡಿಗೆ ಬಿಟ್ಟರೆ ಜಗಳವೂ ಬರುತ್ತದೆ, ರೋಗವೂ ಬರುತ್ತದೆ.

ಬಸ್ಸಿನವರಿಗೂ ಒಂದು ಮಾತು. 2018ರಲ್ಲಿ ಗೌರಿಬಿದನೂರು ಕಡೆ ಸರ್ಕಾರಿ ಬಸ್ಸಿನಲ್ಲಿ ಎರಡು ಕೋಳಿಗೆ ಅರ್ಧ ಟಿಕೆಟ್ ಹರಿದದ್ದು ದೊಡ್ಡ ಸುದ್ದಿಯಾಯಿತು. ಟಿಕೆಟ್ ಕೊಟ್ಟ ಮೇಲೂ ಕಾಲು ಕಟ್ಟಿ ತಲೆಕೆಳಗೆ ನೇತು ಹಾಕಿದರೆ ಹುಂಜ ಪಕ್ಕದವರ ತೊಡೆಗೇ ಕುಕ್ಕುತ್ತದೆ. ಗಾಳಿ ಆಡುವ ಬುಟ್ಟಿಯಲ್ಲಿ ಮುಚ್ಚಿ ತನ್ನಿ. ಕತ್ತಲಾದರೆ ಅದು ತೆಪ್ಪಗೆ ಕೂರುತ್ತದೆ.

ಹೊಸತೊಡಕು ವರ್ಷಕ್ಕೆ ಒಂದೇ ದಿನ. ಬೇಲಿಯಾಚೆಯ ಮನೆಯವರು ಮುನ್ನೂರರವತ್ತೈದು ದಿನವೂ ಅಲ್ಲೇ ಇರುತ್ತಾರೆ. ಇವತ್ತು ಸಂಜೆ ಕೋಳಿ ಗೂಡಿಗೆ ಸೇರುವಾಗ ಬಾಗಿಲಲ್ಲಿ ನಿಂತು ಹುಂಜ ಎಷ್ಟು, ಹೇಂಟೆ ಎಷ್ಟು ಅಂತ ಒಮ್ಮೆ ಎಣಿಸಿ.