ನೆರವು ಮತ್ತು ನೆಲ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಮಳೆಗಾಲವೆಂದರೆ ತಿಂಗಳುಗಟ್ಟಲೆ ಸುರಿಯುವ ಮಳೆ. ಬೋಳುಗುಡ್ಡದ ಮೇಲೆ ಬಿದ್ದ ನೀರು ಮಣ್ಣನ್ನೂ ಕೊಚ್ಚಿಕೊಂಡು ಅಂದೇ ಇಳಿದುಹೋಗುತ್ತದೆ. ಕಾಡಿನ ನೆಲವಾದರೋ ತರಗೆಲೆಯ ಅಡಿಯಲ್ಲಿ ಅದನ್ನು ಹೀರಿಕೊಂಡು, ಮಳೆ ನಿಂತ ಬಳಿಕವೂ ಒಸರುತ್ತಿರುತ್ತದೆ. ಇಲ್ಲಿ ಹುಟ್ಟಿದ ಮಲಪ್ರಭೆಯೇ ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು ಹುಬ್ಬಳ್ಳಿ-ಧಾರವಾಡದ ಜನರ ಬಾಯಾರಿಕೆಯನ್ನು ತಣಿಸುತ್ತದೆ.

ಆಡಳಿತದ ಸುಧಾರಣೆಗೆಂದು ಹೊರಗಿನಿಂದ ಬರುವ ಹಣಕ್ಕೂ ಇದೇ ಮಾತು ಸಲ್ಲುತ್ತದೆ. ಎಷ್ಟು ಬಂದಿತು ಎಂಬುದಕ್ಕಿಂತ ಎಷ್ಟು ಇಂಗಿತು ಎಂದು ಕೇಳಬೇಕು.

ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳಲ್ಲಿ ಹಿಂದೆ ಕೆಲವು ದಿನಗಳಿಗೊಮ್ಮೆ, ಕೆಲವೇ ಗಂಟೆಗಳ ಕಾಲ ನಲ್ಲಿಯಲ್ಲಿ ನೀರು ಬರುತ್ತಿತ್ತು. ಕೊಡಗಳನ್ನು ಸಾಲಿಟ್ಟು ನಡುರಾತ್ರಿಯಲ್ಲಿ ಕಾದು ಕುಳಿತ ತಾಯಂದಿರಿಗೆ ಆ ಕಷ್ಟದ ಅರಿವುಂಟು. 2004ರಲ್ಲಿ ವಿಶ್ವಬ್ಯಾಂಕು ನಗರ ನೀರು ಸರಬರಾಜಿನ ಸುಧಾರಣೆಗಾಗಿ ಸುಮಾರು 4 ಕೋಟಿ ಡಾಲರುಗಳ ಸಾಲವನ್ನು ಮಂಜೂರು ಮಾಡಿತು. ಮೂರು ನಗರಗಳಲ್ಲಿ 5 ವಲಯಗಳನ್ನು ಆರಿಸಿ ಹೊಸ ಕೊಳವೆಗಳನ್ನು ಹೂಳಲಾಯಿತು; ಮನೆಮನೆಗೆ ಮೀಟರು ಬಂದಿತು; ಬಿಲ್ಲು ಬರೆಯುವ, ದೂರನ್ನು ಕೇಳುವ ಕ್ರಮವೂ ಬದಲಾಯಿತು. 2008ರ ವೇಳೆಗೆ ಅಲ್ಲಿ ಹಗಲಿರುಳೂ ನೀರು ಹರಿಯಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಈ ಭಾಗ್ಯ ದೊರೆತದ್ದು ಜನಸಂಖ್ಯೆಯ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಮಾತ್ರ. ವ್ಯವಸ್ಥೆಯನ್ನು ವಿಸ್ತರಿಸುವ ಯೋಜನೆಗೆ ಬ್ಯಾಂಕು ಮತ್ತೊಂದು ಸಾಲವನ್ನು ಮಂಜೂರು ಮಾಡಿದ್ದು 2016ರಲ್ಲಿ. ಆ ವಲಯಗಳಲ್ಲಿ ಕೆಲಸ ನಡೆಸಿದುದು ಗುತ್ತಿಗೆ ಪಡೆದ ವಿದೇಶೀ ಮೂಲದ ಖಾಸಗಿ ಸಂಸ್ಥೆ. ಕೊಳವೆ ಊರಿನಲ್ಲಿ ಉಳಿದರೂ ಅದನ್ನು ನಡೆಸುವ ವಿದ್ಯೆ ಪಾಲಿಕೆಯ ನೌಕರರ ಕೈಗೆ ಎಷ್ಟು ದಾಟಿತು? ದಾನವಾಗಿ ಬಂದ ಸೂಕ್ಷ್ಮದರ್ಶಕವು ಬಳಸಬಲ್ಲವರಿಲ್ಲದೆ ಶಾಲೆಯ ಬೀರುವಿನಲ್ಲಿ ಧೂಳು ಹಿಡಿಯುವುದನ್ನು ವಿದ್ಯಾರ್ಥಿಗಳು ಕಂಡಿರಬಹುದು. ಅದಾದರೂ ದಾನ, ಇದು ತೀರಿಸಬೇಕಾದ ಸಾಲ.

ಈ ತೊಡಕು ನಮ್ಮದೊಂದೇ ಅಲ್ಲ. ಯೂರೋಪಿಯನ್ ಒಕ್ಕೂಟವನ್ನು ಸೇರಲು ಕಾದಿರುವ ಸರ್ಬಿಯ, ಅಲ್ಬೇನಿಯ ಮೊದಲಾದ ರಾಷ್ಟ್ರಗಳಿಗೆ ಆ ಒಕ್ಕೂಟವು 2007ರಿಂದ ಸದಸ್ಯತ್ವಕ್ಕೆ ಮುಂಚಿನ ವಿಶೇಷ ನೆರವನ್ನು ನೀಡುತ್ತಿದೆ. ಆಡಳಿತವನ್ನು ತಿದ್ದುವುದು ಅದರ ಗುರಿಗಳಲ್ಲಿ ಒಂದು. ಅಲ್ಲಿಯೂ ತರಬೇತಿ ಪಡೆದ ಅಧಿಕಾರಿಗಳು ಹೆಚ್ಚಿನ ಸಂಬಳವನ್ನರಸಿ ಬೇರೆಡೆಗೆ ಹೊರಟುಹೋಗುವುದುಂಟು. ಅವರೊಡನೆ ಕಲಿತ ವಿದ್ಯೆಯೂ ಹೋಗುತ್ತದೆ.

ಖಾಸಗಿಯವರು ಬಾರದಿದ್ದರೆ ಆ ವಲಯಗಳಿಗೂ ನೀರು ಬರುತ್ತಿರಲಿಲ್ಲವೆಂದು ಕೆಲವರು ವಾದಿಸುತ್ತಾರೆ. ಇರಬಹುದು. ಗುರುವನ್ನು ಹೊರಗಿನಿಂದ ಕರೆಸುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ಶಿಷ್ಯನೇ ಇಲ್ಲದ ಪಾಠಕ್ಕೆ ಸಂಭಾವನೆ ಏಕೆ? ಹೂಳಿದ ಕೊಳವೆ ಎಷ್ಟು ಮೈಲಿ, ಕೂರಿಸಿದ ಮೀಟರು ಎಷ್ಟು ಎಂದು ಕೇಳುವ ಕರಾರುಪತ್ರದಲ್ಲಿ, ಕೆಲಸ ಕಲಿತು ಊರಿನಲ್ಲಿಯೇ ನಿಂತ ನೌಕರರು ಎಷ್ಟು ಮಂದಿ ಎಂಬ ಲೆಕ್ಕಕ್ಕೂ ಒಂದು ಸಾಲು ಇರಬೇಕು. ಆ ಸಾಲು ತುಂಬುವವರೆಗೆ ಕೊನೆಯ ಕಂತನ್ನು ಪಾವತಿ ಮಾಡಬಾರದು.