ಮುಂಡಗೋಡದ ಆಟಗಾರ ಯಾರ ಪರ ಆಡಬೇಕು?

ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಫುಟ್‌ಬಾಲ್ ಚೆನ್ನಾಗಿ ಆಡುವ ಹುಡುಗನ ಮುಂದೆ ಇಪ್ಪತ್ತರ ಹೊತ್ತಿಗೆ ಎರಡು ದಾರಿಗಳಿರುತ್ತವೆ. ನಿರಾಶ್ರಿತನಾಗಿಯೇ ಉಳಿದು ಕಾಲೊನಿಯ ತಂಡಕ್ಕೆ, ಅದೃಷ್ಟವಿದ್ದರೆ ಟಿಬೆಟ್ ತಂಡಕ್ಕೆ ಆಡುವುದು ಒಂದು. ಭಾರತದ ಪೌರತ್ವ ಪಡೆದು ಇಲ್ಲಿನ ಕ್ಲಬ್ಬುಗಳಲ್ಲಿ ಜಾಗ ಹುಡುಕುವುದು ಇನ್ನೊಂದು. ಎರಡಕ್ಕೂ ಪ್ರಾಮಾಣಿಕ ಸಮರ್ಥಕರಿದ್ದಾರೆ.

ಮೊದಲ ದಾರಿಯವರ ವಾದವನ್ನು ಭಾವುಕತೆಯೆಂದು ತಳ್ಳಿಹಾಕುವಂತಿಲ್ಲ. ದಲೈ ಲಾಮಾ ಅವರ ತಾಯಿಯ ನೆನಪಿಗೆ 1981ರಲ್ಲಿ ಶುರುವಾದ ಗ್ಯಾಲ್ಯುಮ್ ಚೆನ್ಮೊ ಗೋಲ್ಡ್ ಕಪ್, ದೇಶದುದ್ದಕ್ಕೂ ಚದುರಿದ ಕ್ಯಾಂಪುಗಳನ್ನು ಒಂದೇ ಮೈದಾನಕ್ಕೆ ತರುತ್ತದೆ. 2001ರಲ್ಲಿ ಕೋಪನ್‌ಹೇಗನ್‌ನಲ್ಲಿ, ಚೀನಾದ ಆಕ್ಷೇಪದ ನಡುವೆಯೂ, ಟಿಬೆಟ್ ತಂಡ ಗ್ರೀನ್‌ಲ್ಯಾಂಡ್ ವಿರುದ್ಧ ಆಡಿ 4-1ರಿಂದ ಸೋತಿತು. ಮುಂದೆ 2006ರಲ್ಲಿ ಹ್ಯಾಂಬರ್ಗ್‌ಗೂ 2018ರಲ್ಲಿ ಲಂಡನ್‌ಗೂ ಹೋಯಿತು. ದೇಶವೇ ಕೈತಪ್ಪಿದವರಿಗೆ ದೇಶದ ಹೆಸರಿನ ಅಂಗಿ ತೊಡುವ ಅವಕಾಶ ಸಣ್ಣದೇನಲ್ಲ.

ಆದರೆ ಫಿಫಾ ಈ ತಂಡವನ್ನು ಮಾನ್ಯ ಮಾಡಿಲ್ಲ. ಅದರ ಪಂದ್ಯಗಳು ಅಧಿಕೃತ ಲೆಕ್ಕಕ್ಕೆ ಬರುವುದಿಲ್ಲ. ಅಂಗಿಯಿಂದ ಹೊಟ್ಟೆ ತುಂಬುವುದೂ ಇಲ್ಲ. ಕಾಲೊನಿಯ ಎಷ್ಟೋ ಮನೆಗಳು ಗೋವಿನಜೋಳದ ಜೊತೆಗೆ ಚಳಿಗಾಲದ ಸ್ವೆಟರ್ ವ್ಯಾಪಾರವನ್ನೂ ನೆಚ್ಚಿಕೊಂಡಿವೆ. ಆ ತಿಂಗಳುಗಳಲ್ಲಿ ಮಗ ಅಭ್ಯಾಸಕ್ಕಿಂತ ಅಂಗಡಿಗೆ ಬೇಕು. ವಿದೇಶಕ್ಕೆ ಹೊರಟರೆ ಕೈಯಲ್ಲಿರುವುದು ಪಾಸ್‌ಪೋರ್ಟಿನ ಬದಲು ಹಳದಿ ಬಣ್ಣದ ಐ.ಸಿ. (ಗುರುತಿನ ಪ್ರಮಾಣಪತ್ರ) ಪುಸ್ತಕ. ಅದನ್ನು ತಿರುವಿ ನೋಡುವ ವೀಸಾ ಅಧಿಕಾರಿಯ ಅನುಮಾನ ಆಟಗಾರನ ಫಾರ್ಮ್ ನೋಡುವುದಿಲ್ಲ. 2017ರಲ್ಲಿ ಟಿಬೆಟನ್ ಮಹಿಳಾ ತಂಡಕ್ಕೆ ಅಮೆರಿಕ ವೀಸಾ ನಿರಾಕರಿಸಿತ್ತು. ಭಾರತ ತಂಡಕ್ಕಂತೂ ಭಾರತೀಯ ಪಾಸ್‌ಪೋರ್ಟ್ ಬೇಕೇ ಬೇಕು.

ಹಾಗಿದ್ದರೆ ಪಾಸ್‌ಪೋರ್ಟ್ ಪಡೆದರಾಯಿತಲ್ಲ? 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದ ಟಿಬೆಟನ್ನರು ಭಾರತೀಯರೇ ಎಂದು ದೆಹಲಿ ಹೈಕೋರ್ಟ್ ಹೇಳಿದೆ. ಅದಾದ ನಂತರ ಹುಟ್ಟಿದ ಹುಡುಗ ಅಪ್ಪ-ಅಮ್ಮನ ಪೌರತ್ವದ ಮೂಲಕ ಹಕ್ಕು ಕೇಳಬೇಕು. ಆದರೆ 2017ರಲ್ಲಿ ಪಾಸ್‌ಪೋರ್ಟಿಗೆ ಮುಂದಿಟ್ಟ ಷರತ್ತುಗಳಲ್ಲಿ ನಿರಾಶ್ರಿತರ ನೋಂದಣಿ ಪ್ರಮಾಣಪತ್ರವಾದ ಆರ್.ಸಿ. ಮರಳಿಸುವುದು, ವಸಾಹತಿನಲ್ಲಿ ನೆಲೆಸದಿರುವುದು ಸೇರಿದ್ದವು. 1966ರಲ್ಲಿ ಕಾಡು ಕಡಿದು ಹಿರಿಯರು ಕಟ್ಟಿದ ಮನೆಯನ್ನು ಒಂದು ಕ್ಲಬ್ ಕರಾರಿಗಾಗಿ ಬಿಡು ಎನ್ನುವುದು ಕಠಿಣವೇ. ಕರಾರು ಸಿಕ್ಕೇ ಸಿಗುತ್ತದೆಂಬ ಭರವಸೆಯೂ ಇಲ್ಲ.

ಅದಕ್ಕೂ ಎದುರು ಮಾತಿದೆ. ಪೌರತ್ವ ಪಡೆದವನು ಟಿಬೆಟನ್ನನಾಗಿ ಉಳಿಯುವುದಿಲ್ಲವೆಂದು ಹೇಳುವವರಾರು? ಹುಡುಗನ ಕಾಲಿನ ಬಲವನ್ನು ಸಮುದಾಯದ ಸಂಕಟಕ್ಕೆ ಒತ್ತೆಯಿಡುವುದೂ ನ್ಯಾಯವಲ್ಲ.

ಊರು ಬಿಡದೆಯೂ ಮೇಲಕ್ಕೇರುವ ದಾರಿ ಇರಬಾರದೇ ಎಂದಾಗ ಇಂಗ್ಲೆಂಡಿನ ಕೆಳಹಂತದ ಮೈನರ್ ಕೌಂಟಿ ಕ್ರಿಕೆಟ್ ನೆನಪಾಗುತ್ತದೆ. ಸಿಡ್ನಿ ಬಾರ್ನ್ಸ್ ಲ್ಯಾಂಕಾಶೈರ್ ಬಿಟ್ಟು ತನ್ನೂರಿನ ಸ್ಟಾಫರ್ಡ್‌ಶೈರ್‌ಗೆ ಆಡುತ್ತಲೇ ಇಂಗ್ಲೆಂಡ್ ಪರ ಟೆಸ್ಟ್ ಆಡಿದ. 27 ಟೆಸ್ಟ್‌ಗಳಲ್ಲಿ 189 ವಿಕೆಟ್ ಕಿತ್ತ. ಅವನಂಥವರು ವಿರಳ, ನಿಜ. ಆದರೆ ಕೆಳಹಂತದಿಂದ ಮೇಲಕ್ಕೆ ಬಾಗಿಲು ತೆರೆದಿತ್ತು, ಊರು ಬಿಡೆಂಬ ಷರತ್ತಿರಲಿಲ್ಲ.

ಎರಡೂ ಕಡೆ ತೂಗಿದಾಗ, ಪೌರತ್ವದ ತೀರ್ಮಾನವನ್ನು ಹುಡುಗನಿಗೂ ಅವನ ಮನೆಗೂ ಬಿಟ್ಟು, ಆಟದ ಬಾಗಿಲನ್ನಷ್ಟೇ ಅಗಲ ಮಾಡುವುದು ಸದ್ಯಕ್ಕೆ ಸರಿಯೆನಿಸುತ್ತದೆ. ಇಲ್ಲೇ ಹುಟ್ಟಿ ಬೆಳೆದ ಆರ್.ಸಿ.ದಾರನನ್ನು ರಾಜ್ಯದ ಲೀಗುಗಳು ವಿದೇಶಿ ಎಂದೆಣಿಸದೆ ಸ್ಥಳೀಯನೆಂದೇ ನೋಂದಾಯಿಸಲಿ. ಗೋಲ್ಡ್ ಕಪ್‌ಗೆ ಹೋಗಿ ಬರಲು ಕ್ಲಬ್ಬು ರಜೆ ಕೊಡಲಿ. ಭಾರತ ತಂಡದ ಪ್ರಶ್ನೆ ಇದರಿಂದ ಬಗೆಹರಿಯುವುದಿಲ್ಲ. ಅದಕ್ಕೆ ಕೇಂದ್ರವೇ ಪಾಸ್‌ಪೋರ್ಟಿನ ಷರತ್ತುಗಳನ್ನು ಮರುಪರಿಶೀಲಿಸಬೇಕು.